ರೇಜರ್, ಚಂದ್ರ, ಅಮ್ಮನ ಕನಸು

ಸ್ಪೇನಿನ ನಿರ್ದೇಶಕ ಬುನ್ಯುಯೆಲ್‌ದು 'ಆನ್ ಶಿಯೆನ್ ಆಂದಾಲೂ' (ಅಂದ್ರೆ 'ಆಂದಲೂಸಿಯಾದ ನಾಯಿ') ಅನ್ನೋ ಹಳೇ ಮೂಕಿ ಪಿಚ್ಚರ್ ಎರಡು ಸಲ ಶುರು ಮಾಡಿ ಎರಡನೇ ನಿಮಿಷಕ್ಕೇ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೆ. ಒಬ್ಬ ರೇಜರ್ ಮಸೆದು ಬಾಲ್ಕನಿಗೆ ಬರ್ತಾನೆ, ತೆಳ್ಳನೆ ಮೋಡ ಚಂದ್ರನ ಮುಂದೆ ಹಾದುಹೋಗುತ್ತೆ, ಆಮೇಲೆ ರೇಜರ್ ಒಬ್ಬ ಹೆಂಗಸಿನ ಕಣ್ಣು ಸೀಳುತ್ತೆ. ನಿಜಕ್ಕೂ ಅದು ಕರುವಿನ ಕಣ್ಣು ಅಂತ ಗೊತ್ತಿತ್ತು, ಆದ್ರೂ ಆಗ್ಲಿಲ್ಲ, ಯಾಕಂದ್ರೆ ಅಪ್ಪಂಗೆ ಆಗಷ್ಟೇ ಪೊರೆ ಆಪರೇಷನ್ ಆಗಿತ್ತು, ದಿನಕ್ಕೆ ನಾಲ್ಕು ಸಲ ನಾನೇ ಡ್ರಾಪ್ಸ್ ಹಾಕ್ತಿದ್ದೆ.

ಶನಿವಾರ ರಾತ್ರಿ ಆ ಸೀನ್ ಓಡಿಸಿ ಮುಂದಕ್ಕೆ ಹೋದೆ. ಇಡೀ ಪಿಚ್ಚರ್ ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೆ, ನಂಗೆ ಒಂದೂವರೆ ಗಂಟೆ ಹಿಡೀತು. ಅಂಗೈ ತೂತಿಂದ ಇರುವೆ ಬಂದ್ರೆ ಪಾಜ್ ಮಾಡಿ ಅರ್ಥ ಹುಡುಕೋದು, ಪಿಯಾನೋ ಮೇಲೆ ಸತ್ತ ಕತ್ತೆ, ಅದರ ಹಿಂದೆ ಹಗ್ಗದಲ್ಲಿ ಪಾದ್ರಿಗಳು, ಮತ್ತೆ ಪಾಜ್. 'ಹದಿನಾರು ವರ್ಷದ ಹಿಂದೆ' ಅಂತ ಕಾರ್ಡ್ ಬರುತ್ತೆ, ನೋಡಿದ್ರೆ ಅದೇ ರೂಮು ಅದೇ ಜನ. ಹೆಸರಲ್ಲಿರೋ ನಾಯಿ ಅಂತೂ ಎಲ್ಲೂ ಬರಲ್ಲ. ತಲೆ ಕೆಟ್ಟು ಮಲಗಿದೆ.

ಬೆಳಿಗ್ಗೆ ಅಮ್ಮ ಕಾಫಿ ಸೋಸ್ತಾ, "ರಾತ್ರಿ ಒಂದು ಕನಸು ಬಿತ್ತು ಕಣೋ, ನಮ್ಮ ಹಳೇ ಮನೆ ಹಿತ್ತಲಲ್ಲಿ ರೈಲು ನಿಂತಿದೆ, ನಿಮ್ಮಜ್ಜಿ ಕಿಟಕಿಯಿಂದ ಒದ್ದೆ ಬಟ್ಟೆ ಕೊಡ್ತಾನೇ ಇದಾರೆ, ನಾನು ಒಣ ಹಾಕ್ತಾನೇ ಇದೀನಿ" ಅಂದ್ರು. ನಾನು "ಆಮೇಲೆ?" ಅಂದೆ. ಹಂಗಂದ್ರೆ ಏನಮ್ಮಾ ಅಂತ ಕೇಳಬೇಕು ಅನ್ನಿಸ್ಲೇ ಇಲ್ಲ.

ಈ ಪಿಚ್ಚರೂ ಹಂಗೇ ಹುಟ್ಟಿದ್ದು. ಬುನ್ಯುಯೆಲ್‌ಗೆ ಮೋಡ ಚಂದ್ರನ್ನ ಸೀಳೋ ಕನಸು, ಅವನ ಗೆಳೆಯ, ಚಿತ್ರಕಾರ ಡಾಲಿಗೆ ಕೈತುಂಬ ಇರುವೆ ಇರೋ ಕನಸು, ಇಬ್ರೂ ಒಬ್ಬರಿಗೊಬ್ಬರು ಹೇಳ್ಕೊಂಡ್ರು, ಒಂದು ವಾರದೊಳಗೆ ಕತೆ ಬರೆದ್ರು, ಬುದ್ಧಿಗೆ ಹೊಂದೋ ವಿವರಣೆ ಸಿಗೋ ಒಂದು ಚಿತ್ರಾನೂ ಇಟ್ಕೋಬಾರದು ಅನ್ನೋದೊಂದೇ ರೂಲು. ದುಡ್ಡು ಬುನ್ಯುಯೆಲ್ ಅಮ್ಮಂದು. 1929ರಲ್ಲಿ ಪ್ಯಾರಿಸ್ಸಿನ ಮೊದಲ ಶೋ ದಿನ ಪರದೆ ಹಿಂದೆ ನಿಂತು ಗ್ರಾಮೋಫೋನ್‌ನಲ್ಲಿ ಟ್ಯಾಂಗೋ ಕುಣಿತದ ಹಾಡು, ವಾಗ್ನರ್ ಸಂಗೀತ ಹಾಕ್ತಿದ್ದೆ, ಜನ ತಿರುಗಿಬಿದ್ರೆ ಎಸೆಯೋಕೆ ಜೇಬಲ್ಲಿ ಕಲ್ಲಿತ್ತು ಅಂತ ಬುನ್ಯುಯೆಲ್ಲೇ ಹೇಳ್ಕೊಂಡಿದಾನೆ. ಜನ ಚಪ್ಪಾಳೆ ತಟ್ಟಿದ್ರು, ಕನಸಿನಂಥ ಕಲೆ ಮಾಡ್ತಿದ್ದ ಸರ್ರಿಯಲಿಸ್ಟ್ ಗುಂಪಿನೋರು ಇಬ್ರನ್ನೂ ಸೇರಿಸ್ಕೊಂಡ್ರು.

ಭಾನುವಾರ ಮಧ್ಯಾಹ್ನ ಎಲ್ಲೂ ನಿಲ್ಲಿಸದೆ ನೋಡಿದೆ, ಕಣ್ಣಿನ ಸೀನೂ ಸೇರಿಸಿ. ಮೋಡ ಚಂದ್ರನ್ನ ದಾಟೋದು ಎಷ್ಟು ಮೆಲ್ಲಗೆ, ಎಷ್ಟು ಚೆಂದ ಅಂತ ಗೊತ್ತಾಗಿದ್ದು ಆಗಲೇ. ಸಂಜೆ ಡ್ರಾಪ್ಸ್ ಹಾಕೋವಾಗ ಅಪ್ಪ ಸೂರು ನೋಡ್ತಾ ರೆಪ್ಪೆ ಬಡಿಯದೆ ಕೂತಿದ್ರು, ನಾನೇ ಒಂದು ಕ್ಷಣ ಬಾಟ್ಲಿ ಹಿಡ್ಕೊಂಡು ಹಂಗೇ ನಿಂತುಬಿಟ್ಟೆ.