ಫಿಲಡೆಲ್ಫಿಯಾದ ಹಸಿರು ಹಾಸು

ರಾತ್ರಿಯೆಲ್ಲ ಅಮೆರಿಕದ ಟೆನಿಸ್ ಆಟಗಾರ ಪೀಟ್ ಸಾಂಪ್ರಸ್‌ನ ಹಳೆಯ ಪಂದ್ಯಗಳನ್ನು ನೋಡುತ್ತ ಕುಳಿತಿದ್ದೆ. ಮನಸ್ಸು ಫಿಲಡೆಲ್ಫಿಯಾದ ಒಳಾಂಗಣ ಟೆನಿಸ್ ಪಂದ್ಯಾವಳಿಯಲ್ಲೇ ಸಿಕ್ಕಿಕೊಂಡಿದೆ. ಒಂದು ಕಾಲಕ್ಕೆ ರಾಡ್ ಲೇವರ್, ಜಿಮ್ಮಿ ಕಾನರ್ಸ್, ಜಾನ್ ಮೆಕೆನ್ರೊ ಗೆದ್ದಿದ್ದ ಪಂದ್ಯಾವಳಿ ಅದು. 1990ರ ಫೆಬ್ರವರಿಯಲ್ಲಿ, ಹದಿನೆಂಟರ ಹುಡುಗ ಸಾಂಪ್ರಸ್ ಈಕ್ವೆಡಾರ್‌ನ ಆಂದ್ರೆಸ್ ಗೋಮೆಜ್‌ನನ್ನು ಸೋಲಿಸಿ ತನ್ನ ಮೊದಲ ವೃತ್ತಿಪರ ಪ್ರಶಸ್ತಿ ಎತ್ತಿದ್ದು ಅಲ್ಲಿಯೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕನ್ ಓಪನ್ ಕೂಡ ಅವನದಾಯಿತು.

1998ರಲ್ಲಿ ಫೈನಲ್‌ನಲ್ಲಿ ಥಾಮಸ್ ಎನ್‌ಕ್ವಿಸ್ಟ್‌ನನ್ನು ಮಣಿಸಿ ಅವನು ಅಲ್ಲಿ ನಾಲ್ಕನೆಯ ಸಲ ಗೆದ್ದ. ಅದರೊಂದಿಗೆ ಪಂದ್ಯಾವಳಿಯೇ ಮುಗಿದುಹೋಯಿತು. ತಾನು ಮೊದಲು ಗೆದ್ದ ಪಂದ್ಯಾವಳಿಯ ಕೊನೆಯ ಚಾಂಪಿಯನ್ ಕೂಡ ತಾನೇ ಆಗುವುದು! ಇದನ್ನು ಎಷ್ಟು ಸಲ ನೆನೆದರೂ ಗಂಟಲು ಕಟ್ಟುತ್ತದೆ.

ಅದು ಕಾರ್ಪೆಟ್ ಅಂಕಣದ ಕಾಲ. ಬಾಸ್ಕೆಟ್‌ಬಾಲ್, ಐಸ್ ಹಾಕಿ ನಡೆಯುವ ಸಭಾಂಗಣದಲ್ಲೇ ಸಿಂಥೆಟಿಕ್ ಹಾಸನ್ನು ಬಿಡಿಸಿ ಹಾಸಿದರೆ ಟೆನಿಸ್ ಸಿದ್ಧ. ಚೆಂಡು ತಗ್ಗಾಗಿ, ವೇಗವಾಗಿ ಜಾರುತ್ತಿತ್ತು; ಸರ್ವ್ ಮಾಡಿ ಬಲೆಯ ಕಡೆಗೆ ಓಡುವವರಿಗೆ ಹಬ್ಬ. 2009ರಿಂದ ಪುರುಷರ ವೃತ್ತಿಪರ ಟೆನಿಸ್ ಸರಣಿಯಾದ ಎಟಿಪಿ ಪ್ರವಾಸದ ಪಂದ್ಯಗಳಲ್ಲಿ ಕಾರ್ಪೆಟ್ ಇಲ್ಲ. ಆ ಆಟದ ಶೈಲಿಯೂ ಬಹುತೇಕ ಮರೆಯಾಗಿದೆ, ನನಗಂತೂ ಅದೇ ದೊಡ್ಡ ನಷ್ಟ.

ಗೋಮೆಜ್ ಎದುರಿನ ಆ ಫೈನಲ್ ನಡೆದ ಸ್ಪೆಕ್ಟ್ರಮ್ ಸಭಾಂಗಣವೂ ಈಗಿಲ್ಲ. ಇಂದು ರಾತ್ರಿ ಆ ಪಂದ್ಯವನ್ನು ಮತ್ತೊಮ್ಮೆ ನೋಡುತ್ತೇನೆ.