ಚಿಕ್ಕಮ್ಮ ‘ಯೆಸ್’ ಅಂದದ್ದು ಯಾವಾಗ?

“ನಾನು ಯೆಸ್ ಅಂದೆನಂತೆ. ನನ್ನನ್ನ ಯಾರು, ಯಾವಾಗ ಕೇಳಿದ್ರು ಹೇಳು?”

ಭಾನುವಾರ ಊರಿನ ಡೇರಿಯಲ್ಲಿ ಚಿಕ್ಕಮ್ಮ ಕೇಳಿದ ಈ ಮಾತು ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಡೆಸ್ಕ್‌ಟಾಪ್ ಸಾಫ್ಟ್‌ವೇರಿಗೆ ವಿಂಡೋ, ಡೈಲಾಗ್ ಬಾಕ್ಸ್ ಡಿಸೈನ್ ಮಾಡುವುದೇ ನನ್ನ ಕೆಲಸ. ಇಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ.

ಚಿಕ್ಕಮ್ಮ ಆ ಡೇರಿಯ ಸೆಕ್ರೆಟರಿ. ಮೇಲಿನ ಕೇರಿಯ ಅಜ್ಜಿಯೊಬ್ಬರಿಗೆ ಬಟವಾಡೆಯಲ್ಲಿ ಹಣ ಕಮ್ಮಿ ಬಂದಿತ್ತು. ಬೆಳಗ್ಗೆ ಅಜ್ಜಿ ಒಂದು ಕ್ಯಾನ್ ತರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮೊಮ್ಮಗ ಇನ್ನೊಂದು ತರುತ್ತಾನೆ. ಎರಡೂ ಒಂದೇ ನಂಬರಿಗೆ. ಕಂಪ್ಯೂಟರಿನಲ್ಲಿ ಮೊಮ್ಮಗ ತಂದದ್ದು ಮಾತ್ರ ಉಳಿದಿತ್ತು. ಫೋನ್ ಮಾಡಿದರೆ ಸಾಫ್ಟ್‌ವೇರ್ ಕಂಪನಿಯ ಹುಡುಗ, “ರಿಪ್ಲೇಸ್ ಮಾಡ್ಲಾ ಅಂತ ಕೇಳಿದೆ ಮೇಡಂ, ನೀವೇ ಯೆಸ್ ಒತ್ತಿದ್ದೀರಿ” ಅಂದನಂತೆ. ಅಧ್ಯಕ್ಷರು ‘ಸೆಕ್ರೆಟರಿಯ ಅಜಾಗರೂಕತೆ’ ಅಂತ ರಿಜಿಸ್ಟರಿನಲ್ಲಿ ಬರೆಸಿಬಿಟ್ಟರು. ಮನುಷ್ಯ ಒಳ್ಳೆಯವರೇ. ಆದರೆ ಕಂಪ್ಯೂಟರ್ ಹೇಳಿದ ಮೇಲೆ ಮುಗೀತು ಅನ್ನುವ ಪೈಕಿ. ಒಂದು ರೂಪಾಯಿ ಆಚೀಚೆ ಮಾಡದ ಹೆಂಗಸಿನ ಮಾತನ್ನು ಒಂದು ನಿಮಿಷ ನಿಂತು ಕೇಳಬಹುದಿತ್ತು.

ಅವತ್ತು ಸಂಜೆ ಹಾಲು ಹಾಕುವ ಹೊತ್ತಿಗೆ ಪಕ್ಕದಲ್ಲೇ ನಿಂತೆ. ಚಿಕ್ಕಮ್ಮನ ಕಣ್ಣು ತೂಕದ ಮೇಲೆ, ಕ್ಯಾನ್ ಮೇಲೆ. ಬಲಗೈ ಕೀಬೋರ್ಡಿನ ಅಂಕಿಗಳ ಮೇಲೆ. ನಂಬರ್, ಎಂಟರ್. ಲೀಟರ್, ಎಂಟರ್. ಫ್ಯಾಟ್, ಎಂಟರ್. ಆಗ ‘ಸೇವ್ಡ್’ ಅಂತ ಒಂದು ಬಾಕ್ಸ್. ಅದನ್ನು ಕಳಿಸಲು ಇನ್ನೊಂದು ಎಂಟರ್. ಪ್ರತಿಯೊಬ್ಬರಿಗೂ ಹೀಗೇ. ಬೇಕೆಂದೇ ಒಂದು ನಂಬರ್ ಎರಡನೇ ಸಲ ಹಾಕಿಸಿದೆ. ಅದೇ ಜಾಗದಲ್ಲಿ, ಅದೇ ಅಳತೆಯ ಬಾಕ್ಸ್ ಬಂತು. ಇಂಗ್ಲಿಷಿನಲ್ಲಿ ಒಂದು ಸಾಲು, ಕೆಳಗೆ ಯೆಸ್, ನೋ. ಕೈ ಎಂದಿನಂತೆ ಎಂಟರ್ ಒತ್ತಿತು. ಬಾಕ್ಸ್ ಹೋಯಿತು, ಅಜ್ಜಿಯ ಹಾಲು ಹೋದ ಹಾಗೆ. ಆಮೇಲೆ ‘ಸೇವ್ಡ್’ ಬಾಕ್ಸ್ ಬರಲೇ ಇಲ್ಲ. ಹಾಗಾಗಿ ಎಂಟರ್‌ಗಳ ಲೆಕ್ಕವೂ ತಪ್ಪಲಿಲ್ಲ.

“ಈಗ ಒಂದು ಬಂತಲ್ಲ, ನೋಡಿದ್ರಾ?” ಅಂದೆ.

“ಏನು ಬಂತು?”

ಸುಮ್ನೆ ಹೇಳಿದ್ದಲ್ಲ, ನಿಜವಾಗಿಯೂ ಅವರಿಗೆ ಕಂಡಿರಲಿಲ್ಲ. ‘ಸೇವ್ಡ್’ ಬಾಕ್ಸಿನಿಂದ ಯಾರಿಗೂ ಉಪಯೋಗವಿಲ್ಲ. ಆದರೆ ಬಾಕ್ಸ್ ಬಂದರೆ ಎಂಟರ್ ಒತ್ತು ಅಂತ ಅದೇ ದಿನವೂ ಕೈಗೆ ಪಾಠ ಮಾಡಿದೆ. ಕೈ ಕಲಿತದ್ದನ್ನು ಮಾಡಿತು. ಕಲಿಸಿದ ಸಾಫ್ಟ್‌ವೇರೇ ಈಗ ಅದನ್ನು ಒಪ್ಪಿಗೆ ಅನ್ನುತ್ತಿದೆ.

ವಿಂಡೋಸ್‌ನ ಮೆಸೇಜ್ ಬಾಕ್ಸ್‌ನಲ್ಲಿ ಪ್ರೋಗ್ರಾಮರ್ ಏನೂ ಹೇಳದಿದ್ದರೆ ಮೊದಲ ಬಟನ್ನೇ ಡೀಫಾಲ್ಟ್. ಎಂಟರ್ ಒತ್ತಿದರೆ ಅದೇ ಉತ್ತರ. ಯೆಸ್, ನೋ ಎರಡೇ ಇದ್ದರೆ ಎಸ್ಕೇಪ್ ಕೂಡ ಕೆಲಸ ಮಾಡುವುದಿಲ್ಲ, ಮೇಲಿನ ಇಂಟು ಗುರುತೂ ಮಂಕಾಗಿರುತ್ತದೆ. ಈ ಅಪಾಯ ಗೊತ್ತಿದ್ದವರು ದಾರಿ ಹುಡುಕಿದ್ದಾರೆ. ಫೈರ್‌ಫಾಕ್ಸ್‌ನಲ್ಲಿ ಫೈಲ್ ಇಳಿಸಿಕೊಳ್ಳಬೇಕೇ ಅಂತ ಕೇಳುವ ಡೈಲಾಗ್‌ನಲ್ಲಿ ಓಕೆ ಬಟನ್ ಸುಮಾರು ಒಂದು ಸೆಕೆಂಡ್ ಒತ್ತಲು ಬರುವುದಿಲ್ಲ. ಬೇರೆ ಏನನ್ನೋ ಒತ್ತುತ್ತಿದ್ದ ಕೈ ಓದುವ ಮೊದಲೇ ಉತ್ತರ ಕೊಡಬಾರದು ಅಂತ. ವಿಂಡೋಸ್ 8 ಬಂದಾಗ, 2012ರಲ್ಲಿ, ಫೈಲ್ ಅಳಿಸುವಾಗ ಕೇಳುತ್ತಿದ್ದ ಪ್ರಶ್ನೆಯನ್ನೇ ಮಾಮೂಲಿಯಾಗಿ ತೆಗೆದರು. ಹೇಗೂ ರೀಸೈಕಲ್ ಬಿನ್ ಇದೆ, ತಪ್ಪಾದರೆ ವಾಪಸ್ ತರಬಹುದು. ನನಗೆ ಈ ಎರಡನೇ ದಾರಿಯೇ ಜಾಸ್ತಿ ಇಷ್ಟ.

ಪ್ರಶ್ನೆ ತೋರಿಸಿದೆವು, ನಮ್ಮ ಹೊಣೆ ಮುಗಿಯಿತು ಅನ್ನುವ ಬುದ್ಧಿ ಕಂಪ್ಯೂಟರಿಗಿಂತ ಹಳೆಯದು. ನಮ್ಮ ತಾತನ ಕಾಲದಲ್ಲಿ ಓದಲು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಂಡು, ಅವರೇ ಒಪ್ಪಿದ್ದಾರೆ ಅಂತ ಎಷ್ಟು ಸಾಲದ ಪತ್ರ ಆಗಿಲ್ಲ? ಒಪ್ಪಿದವರ ಗುರುತು ಕಾಗದದಲ್ಲಿ ಉಳಿಯುತ್ತದೆ. ಹೇಗೆ ಕೇಳಿದರು ಅನ್ನುವುದು ಎಲ್ಲೂ ಉಳಿಯುವುದಿಲ್ಲ. ಇದು ನನಗೆ ತಡೆಯಲಾಗದ ಸಿಟ್ಟು ತರಿಸುತ್ತದೆ.

ಸೋಮವಾರ ಆ ಹುಡುಗನಿಗೆ ನಾನೇ ಫೋನ್ ಮಾಡಿದೆ. ಪಾಪ, ಒಳ್ಳೆಯ ಹುಡುಗ. ಪರದೆಯಲ್ಲಿ ಇದ್ದದ್ದನ್ನು ಓದಿ ಹೇಳಿದ್ದ ಅಷ್ಟೇ. ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ಡೀಫಾಲ್ಟ್ ನೋ ಮಾಡಿಸ್ತೀನಿ ಮೇಡಂ” ಅಂದ. ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆದರೆ ಆಗ ಅಜ್ಜಿಯ ಹಾಲು ಉಳಿದು ಮೊಮ್ಮಗ ತಂದದ್ದು ಹೋಗುತ್ತದೆ, ಅಲ್ವಾ? ಒಂದೇ ಮನೆಯಿಂದ ಎರಡು ಕ್ಯಾನ್ ಬರುವುದು ಡೇರಿಯಲ್ಲಿ ದಿನದ ಮಾತು. ಅಲ್ಲಿ ಕೇಳುವಂಥದ್ದು ಏನೂ ಇಲ್ಲ. ಎರಡನ್ನೂ ಬರೆದುಕೊಳ್ಳಬೇಕು. ಒಂದೇ ನಂಬರಿನ ಸಾಲುಗಳಿಗೆ ಬಣ್ಣ ಹಾಕಿದರೆ ಪುರುಸೊತ್ತಾದಾಗ ನೋಡಿ, ತಪ್ಪಿದ್ದರೆ ಅಳಿಸಬಹುದು. ಜೊತೆಗೆ ಆ ‘ಸೇವ್ಡ್’ ಬಾಕ್ಸ್ ತೆಗೀರಿ ಅಂದೆ. ಬರೆದುಕೊಂಡಿದ್ದಾನೆ.

ಅಜ್ಜಿಯ ಪಾಸ್‌ಬುಕ್ಕಿನಲ್ಲಿ ಚಿಕ್ಕಮ್ಮ ಎರಡು ಕ್ಯಾನನ್ನೂ ಕೈಯಲ್ಲಿ ಬರೆದಿದ್ದರು. ಹಾಗಾಗಿ ಹಣ ಮುಂದಿನ ಬಟವಾಡೆಯಲ್ಲಿ ಸೇರುತ್ತದೆ. ಉಳಿದದ್ದು ರಿಜಿಸ್ಟರಿನ ಆ ಸಾಲು. ಎಂಟರ್‌ಗಳ ಲೆಕ್ಕವನ್ನೆಲ್ಲ ಬಿಡಿಸಿ ಒಂದು ಪುಟದ ಕಾಗದ ಬರೆದು ಕಳಿಸಿದ್ದೇನೆ. ಮುಂದಿನ ಸಭೆಯಲ್ಲಿ ಚಿಕ್ಕಮ್ಮ ಅದನ್ನು ಓದಿ, ಆ ಸಾಲು ಹೊಡೆದುಹಾಕಿ ಅಂತ ಕೇಳಲಿದ್ದಾರೆ.