ಕಡುಹಸಿರು ಕತ್ತಿನ ಮೇಲೆ ಬಿಳಿ ಚುಕ್ಕಿ

ಎದುರುಮನೆ ಹುಡುಗಿಯ ಮದುವೆಗೆ ಮೂರೇ ದಿನ ಇತ್ತು. ಅವಳ ರೇಷ್ಮೆ ಬ್ಲೌಸಿನ ತೋಳಿಗೆ ಮೆಷಿನ್ ಕಸೂತಿಯಲ್ಲಿ ನವಿಲು ಹಾಕಿಕೊಡಲು ಒಪ್ಪಿಕೊಂಡಿದ್ದೆ. ಮೊದಲು ಚೂರು ಬಟ್ಟೆಯಲ್ಲಿ ಓಡಿಸಿ ನೋಡುವುದು ನನ್ನ ಅಭ್ಯಾಸ. ಅವತ್ತು ಅದೇ ಕಾಪಾಡಿತು. ನವಿಲಿನ ಕಡುಹಸಿರು ಕತ್ತಿನ ಅಂಚಿಗೆಲ್ಲ ಬಿಳಿ ಚುಕ್ಕಿ. ಬಾಬಿನ್ ದಾರ, ಅಂದರೆ ಕೆಳಗಿನ ಪುಟ್ಟ ಉರುಳೆಯ ಬಿಳಿ ದಾರ, ಮೇಲೆ ಬರುತ್ತಿತ್ತು.

ಮೇಲಿನ ದಾರ ಬಿಗಿ ಇದೆ ಅಂದುಕೊಂಡು ಅದರ ಬಿಗಿ ಹೊಂದಿಸುವ ತಿರುಪು ಸಡಿಲಿಸಿದೆ. ಚುಕ್ಕಿ ಕಡಿಮೆಯಾಯಿತು, ಹೋಗಲಿಲ್ಲ. ಇನ್ನೂ ಸಡಿಲಿಸಿದೆ. ಈಗ ಬೆರಳು ತಾಗಿದರೆ ಹೊಲಿಗೆ ಎದ್ದು ಬರುತ್ತಿತ್ತು. ಕೊನೆಗೆ ಪ್ಲೇಟಿನ ಅಡಿಯಲ್ಲಿ ದಾರ ಗಂಟುಗಟ್ಟಿ ಮೆಷಿನ್ ನಿಂತೇ ಹೋಯಿತು. ಊಟವೂ ಬೇಡವಾಯಿತು.

ಮೆಷಿನ್ ರಿಪೇರಿ ಮಾಡುವ ಅಣ್ಣನಿಗೆ ಫೋಟೋ ಕಳಿಸಿದೆ. "ಮುಂದ್ಗಡೆ ಯಾಕೆ ಅಕ್ಕಾ? ಬಟ್ಟೆ ತಿರುಗಿಸಿ ನೋಡಿ" ಅಂದರು. ಸ್ಯಾಟಿನ್ ಹೊಲಿಗೆಯ (ಎಳೆಗಳನ್ನು ಒತ್ತೊತ್ತಾಗಿ ತುಂಬುವ ಹೊಲಿಗೆ) ಹಿಂಭಾಗದಲ್ಲಿ ನಡುವಿನ ಮೂರನೇ ಒಂದು ಪಾಲು ಬಿಳಿ, ಎರಡೂ ಪಕ್ಕ ಮೇಲಿನ ದಾರದ ಬಣ್ಣ ಇರಬೇಕು. ನನ್ನದರಲ್ಲಿ ಬರೀ ಹಸಿರು ಕುಣಿಕೆಗಳು.

"ಬಾಬಿನ್ ಕೇಸ್ ತೆಗೆದು ದಾರ ಹಿಡಿದು ನೇತಾಡಿಸಿ" ಅಂದರು ಅಣ್ಣ. ಬಾಬಿನ್ ಕೂರುವ ಆ ಪುಟ್ಟ ಕೇಸ್ ಸುಮ್ನೆ ನಿಲ್ಲಬೇಕು. ಕೈ ಸಣ್ಣಗೆ ಕುಲುಕಿದರೆ ಒಂದೆರಡು ಅಂಗುಲ ಇಳಿದು ಮತ್ತೆ ನಿಲ್ಲಬೇಕು. ನನ್ನದು ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿಯಿತು.

ಕೇಸಿನ ಸ್ಕ್ರೂ ಬಿಗಿ ಮಾಡಲು ಹೊರಟೆ. "ತಡೀರಿ, ಮೊದಲು ಸ್ಪ್ರಿಂಗ್ ಪಟ್ಟಿ ಅಡಿ ಕ್ಲೀನ್ ಮಾಡಿ." ವಿಸಿಟಿಂಗ್ ಕಾರ್ಡಿನ ಮೂಲೆ ತೂರಿಸಿ ಎಳೆದಾಗ ಎಳ್ಳಿನಷ್ಟು ನಾರಿನ ಉಂಡೆ ಹೊರಬಂತು. ದಾರವನ್ನು ಒತ್ತಿ ಹಿಡಿಯಬೇಕಾದ ಪಟ್ಟಿಯನ್ನು ಅದೇ ಎತ್ತಿ ಹಿಡಿದಿತ್ತು. ಕೆಳದಾರಕ್ಕೆ ಹಿಡಿತವೇ ಇಲ್ಲದಿದ್ದರೆ ಮೇಲಿನದು ಅದನ್ನು ಎಳೆದುಕೊಳ್ಳದೆ ಇರುತ್ತಾ? ನಾನು ಬೆಳಗಿನಿಂದ ಸರಿಯಿದ್ದ ತಿರುಪನ್ನೇ ಕೆಡಿಸುತ್ತಿದ್ದೆ.

ಈಗ ಕೇಸ್ ಸರಿಯಾಗಿ ನೇತಾಡಿತು. ಬಟ್ಟೆ ಒತ್ತುವ ಫುಟ್ ಎತ್ತಿ, ಮೇಲಿನ ದಾರ ಹೊಸದಾಗಿ ಪೋಣಿಸಿದೆ. ಎತ್ತದಿದ್ದರೆ ದಾರ ಅದನ್ನು ಬಿಗಿ ಹಿಡಿಯುವ ಟೆನ್ಷನ್ ಡಿಸ್ಕುಗಳ ನಡುವೆ ಕೂರುವುದೇ ಇಲ್ಲ, ಇದನ್ನು ನಾನು ಎಷ್ಟೋ ಸಲ ಮರೆತಿದ್ದೇನೆ. ತಿರುಪನ್ನು ಕಾಲು ಸುತ್ತು ಬಿಗಿ ಮಾಡುವುದು, ಸಣ್ಣ ಸ್ಯಾಟಿನ್ ಗೆರೆ ಹೊಲಿಯುವುದು, ತಿರುಗಿಸಿ ನೋಡುವುದು. ಐದನೇ ಗೆರೆಯಲ್ಲಿ ಬಿಳಿ ನಡುವಿಗೆ ಬಂದು ಕೂತಿತು.

ಗರಿಯ ಅಂಚಿನ ಜರಿಗೆ ಮಾತ್ರ 11 ನಂಬರ್ ಸೂಜಿ ತೆಗೆದು ದಪ್ಪನೆಯ 14 ಹಾಕಿದೆ, ಮೇಲಿನ ದಾರ ಸ್ವಲ್ಪ ಸಡಿಲ ಬಿಟ್ಟೆ. ಬಿಗಿಯಾದರೆ ಜರಿ ಪಟ್ಟನೆ ತುಂಡಾಗುತ್ತದೆ.

ಮಾರನೇ ದಿನ ಹುಡುಗಿ ಬಂದಳು. ಅವಳು ನವಿಲು ನೋಡುತ್ತಾ ನಿಂತಿದ್ದಳು. ನಾನು ತೋಳು ತಿರುಗಿಸಿ ಹಿಂಭಾಗವನ್ನೂ ತೋರಿಸಿದೆ.